ಕೇಳದೆ ಕೊಟ್ಟದ್ದು

ಸಂತಪುರ, ಔರಾದ ತಾಲ್ಲೂಕು
14 ಜನವರಿ 2024

ನಲಿನಿಬಾಯಿಯವರಿಗೆ, ಜೈ ಭೀಮ್.

ಏಳೂವರೆ ವರ್ಷದ ಮೇಲೆ ಬರೆಯುತ್ತಿದ್ದೇನೆ. ನಿಮ್ಮ ಫೋನ್ ನಂಬರು ಇನ್ನೂ ನನ್ನ ಬಳಿ ಇದೆ. ಮಾಡಲಿಲ್ಲ. ಫೋನಿನಲ್ಲಿ ನಾನು ಒದರಾಡುತ್ತೇನೆ, ನೀವು ಅಳುತ್ತೀರಿ, ಹೇಳಬೇಕಾದದ್ದು ಹಾಗೇ ಉಳಿದುಬಿಡುತ್ತದೆ. ಬೀದರಿನಲ್ಲಿ ಟ್ರೇನಿಂಗ್ ಮಾಡುವಾಗ ಎರಡು ವರ್ಷ ಒಂದೇ ಕೋಣೆಯಲ್ಲಿ ಇದ್ದವರು ನಾವು. ನಿಮ್ಮ ಅಳು ನನಗೆ ಹೊಸದಲ್ಲ.

ಎಂಟು ದಿನದಿಂದ ನಿಮ್ಮ ದನಿ ನಮ್ಮ ಊರಿನ ಫೋನುಗಳಲ್ಲಿ ಓಡಾಡುತ್ತಿದೆ. ಮೊದಲು ಕನ್ನಡದಲ್ಲಿ, ಆಮೇಲೆ ಅದೇ ಮಾತು ಮರಾಠಿಯಲ್ಲಿ. ನಾನು ಭಾಲ್ಕಿಯ ನಿವೃತ್ತ ಮುಖ್ಯೋಪಾಧ್ಯಾಯಿನಿ ನಲಿನಿ, ಬರಗಾಲದಿಂದ ಸಂತಪುರದ ಈ ಮಕ್ಕಳಿಗೆ ಯಾರೂ ದಿಕ್ಕಿಲ್ಲದಂತಾಗಿದೆ, ಕೈಲಾದಷ್ಟು ಕಳಿಸಿ ಎಂದು ಸಾಲಿಯಲ್ಲಿ ಪಾಠ ಓದಿದ ಹಾಗೆ ಓದಿದ್ದೀರಿ. ಕೆಳಗೆ ದುಡ್ಡು ಹಾಕಲು ಕ್ಯೂಆರ್ ಕೋಡ್. ಮೇಲೆ ನನ್ನ ಮಕ್ಕಳ ಫೋಟೋ.

ನನ್ನ ಮಕ್ಕಳು ಎಂದರೆ ನಾನು ಹೆತ್ತವರಲ್ಲ. ಇಲ್ಲಿಯ ಕೂಲಿ ಮಂದಿ ದೀಪಾವಳಿಗೆ ಕಬ್ಬು ಕಡಿಯಲು ಸಾಂಗ್ಲಿ ಕಡೆ ಹೋದರೆ ಯುಗಾದಿಗೇ ಬರುವುದು. ಈ ವರ್ಷ ಮುಂಗಾರೂ ಹೋಯಿತು, ಹಿಂಗಾರೂ ಹೋಯಿತು, ಎಂದೂ ಊರು ಬಿಡದವರೂ ಹೋಗಿದ್ದಾರೆ. ಅವರ ಹನ್ನೊಂದು ಮಕ್ಕಳು ನಮ್ಮ ಬುದ್ಧ ವಿಹಾರದ ಹಿಂದಿನ ಕೋಣೆಯಲ್ಲಿ ನನ್ನ ಜೊತೆ ಇದ್ದು ಸಾಲಿಗೆ ಹೋಗುತ್ತಾರೆ. ಕಾಳು ಕಡಿ ಅಪ್ಪ ಅವ್ವಂದಿರೇ ಇಟ್ಟು ಹೋಗುತ್ತಾರೆ. ಒಬ್ಬರೂ ಅನಾಥರಲ್ಲ.

ಫೋಟೋದಲ್ಲಿ ಎಲ್ಲರ ಮುಂದೆ ಕೂತವಳು ಸವಿತಾ, ಹತ್ತನೆಯ ಇಯತ್ತೆ. ಅವಳ ಹೆಸರು ಬರೆದು, ತಂದೆ ತಾಯಿ ಇಬ್ಬರೂ ಬರಗಾಲದಲ್ಲಿ ಜೀವ ಕಳೆದುಕೊಂಡರು ಎಂದು ಹಾಕಿದ್ದಾರೆ. ಅವಳ ಅಪ್ಪ ಪಂಢರಿಗೆ ಅದು ಕಬ್ಬಿನ ಫಡದಲ್ಲಿ ಲಾರಿ ಡ್ರೈವರನೊಬ್ಬನ ಫೋನಿನಲ್ಲಿ ಸಿಕ್ಕಿದೆ. ನನಗೆ ಫೋನ್ ಮಾಡಿ, "ಟೀಚರ್, ನಾ ಸತ್ತೀನೇನ್ರಿ?" ಅಂದ. ಚೇಷ್ಟೆ ಮಾಡುತ್ತಿದ್ದಾನೆ ಎಂದು ನಕ್ಕೆ. ಆಮೇಲೆ ಕೇಳಿದ, "ನನ್ನ ಮಗಳ ಮಾರಿ ತೋರಿಸಿ ಎಷ್ಟು ರೊಕ್ಕ ಎತ್ತೀರಿ?"

ನಮಗೆ ಒಂದು ಪೈಸೆ ಬಂದಿಲ್ಲ. ಆ ದುಡ್ಡು ಯಾರಿಗೆ ಹೋಯಿತು, ನಿಮ್ಮ ದನಿ ಅವರ ಕೈಗೆ ಹೇಗೆ ಸಿಕ್ಕಿತು, ಬರೆದು ತಿಳಿಸಿ. ಬೇರೆ ಸುದ್ದಿ ಬೇಡ.

ಕೌಸಲ್ಯಾಬಾಯಿ

*

ಭಾಲ್ಕಿ
20 ಜನವರಿ 2024

ಪ್ರೀತಿಯ ಕೌಸಲ್ಯಾ,

ಅಂಚೆಯವನು ಕಾಗದ ಕೊಟ್ಟಾಗ ಅಕ್ಷರ ನೋಡಿಯೇ ಗುರುತು ಹಿಡಿದೆ. ಒಳಗೆ ಎಲ್ಲ ಕಡೆಯೂ 'ನೀವು' ಎಂದು ಬರೆದಿದ್ದೀ. ಬರೆ, ನನಗೆ ಅದು ಸಲ್ಲಬೇಕಾದದ್ದೇ. ಆದರೆ ನಾನು ನಿನ್ನನ್ನು 'ನೀವು' ಅನ್ನಲಾರೆ, ನನ್ನ ಕೈಗೆ ಬರುವುದಿಲ್ಲ.

ನಡೆದದ್ದನ್ನು ಹೇಳುತ್ತೇನೆ. ನಮ್ಮ ಓಣಿಯ ಹಿಡಿಜೋಳದ ಪದ್ಧತಿ ನಿನಗೆ ಗೊತ್ತೇ ಇದೆ. ಹಿಟ್ಟು ಬೀಸಲು ಕೊಡುವ ಮುಂಚೆ ಮನೆಯಾಕೆ ಒಂದು ಹಿಡಿ ಜೋಳ ಗಡಿಗೆಗೆ ಹಾಕುವುದು, ತಿಂಗಳ ಕೊನೆಗೆ ಎಲ್ಲ ಮನೆಯದೂ ಕೂಡಿಸಿ ಕಷ್ಟದಲ್ಲಿದ್ದವರ ಬಾಗಿಲಿಗೆ ಇಟ್ಟು ಬರುವುದು. ತೆಗೆದುಕೊಂಡವರು ಯಾರು, ಏನು ಮಾಡಿದರು ಎಂದು ಕೇಳಬಾರದು. ನಮ್ಮ ಅತ್ತೆಯವರ ಕಾಲದಿಂದ ಹಾಗೇ ನಡೆದುಬಂದಿದೆ. ಈಗ ಎಲ್ಲರೂ ಗಿರಣಿ ಹಿಟ್ಟಿನ ಪಾಕೀಟು ತರುತ್ತಾರೆ, ಹಿಡಿಯ ಬದಲು ರೊಕ್ಕ ಹಾಕುತ್ತಾರೆ. ಹೆಸರು ಮಾತ್ರ ಹಿಡಿಜೋಳ.

ಡಿಸೆಂಬರಿನಲ್ಲಿ ಒಬ್ಬ ಫೋನ್ ಮಾಡಿದ. ಮಕ್ಕಳ ಟ್ರಸ್ಟಿನವನು ಎಂದ, ಹೆಸರು ಶಿವರಾಜ ಎಂದ. ನಮ್ಮ ಕಡೆಯದೇ ಮಾತು, ನಡುವೆ ಮರಾಠಿ, ಪ್ರತಿ ಮಾತಿಗೂ ರೀ ರೀ. ಇಂಟರ್ನೆಟ್ಟಿನಲ್ಲಿ ಅವರ ಪುಟ ತೋರಿಸಿದ. ಫೋಟೋ, ಹಣ ಎಷ್ಟು ಬಂತು ಎನ್ನುವ ಪಟ್ಟಿ, ಕೊಟ್ಟವರ ಹೆಸರು ಎಲ್ಲ ಇತ್ತು. ನಾಲ್ಕು ಮಾತು ಬರೆದು ಕಳಿಸಿದ, ನಿಮ್ಮ ದನಿಯಲ್ಲಿ ಓದಿ ಕೊಡಿ, ಊರಲ್ಲಿ ನಿಮ್ಮ ಮಾತಿಗೆ ಬೆಲೆಯಿದೆ ಎಂದ. ಓದಿದೆ. ನಮ್ಮ ಮಹಿಳಾ ಮಂಡಳಿಯ ಹೆಂಗಸರೂ ಕೊಟ್ಟರು, ಓಣಿಯವರೂ ಕೊಟ್ಟರು. ಈಗ ಆ ನಂಬರಿಗೆ ಮಾಡಿದರೆ ಬಂದ್ ಎಂದು ಬರುತ್ತದೆ. ಊರಿಗೆ ಹೋಗಿರಬೇಕು, ಸಂಕ್ರಾಂತಿಯಲ್ಲವೇ? ಬಂದ ಮೇಲೆ ಅವನಿಂದ ನಿನ್ನ ಮಕ್ಕಳ ಪಾಲು ನಿನಗೆ ಮುಟ್ಟುವಂತೆ ಮಾಡುತ್ತೇನೆ. ಸವಿತಾಳ ಬಗ್ಗೆ ಬರೆದದ್ದು ಯಾರದೋ ತಪ್ಪಿನಿಂದ ಆಗಿರಬಹುದು.

ಒಂದು ಕೇಳುತ್ತೇನೆ. ಅವನಿಗೆ ನಿನ್ನ ಮಕ್ಕಳ ಫೋಟೋ ಹೇಗೆ ಸಿಕ್ಕಿತು? ನೀನು ಅವನನ್ನು ನೋಡಿದ್ದೀಯಾ?

ನಿನ್ನ
ನಲಿನಿ

*

ಸಂತಪುರ
2 ಫೆಬ್ರವರಿ 2024

ನಲಿನಿಬಾಯಿಯವರಿಗೆ,

ಸಂಕ್ರಾಂತಿ ಮುಗಿದು ಎಷ್ಟು ದಿನವಾಯಿತು? ನಿಮ್ಮ ಶಿವರಾಜ ಇನ್ನೂ ಎಳ್ಳುಬೆಲ್ಲ ಹಂಚುತ್ತಿದ್ದಾನೆಯೇ?

ಜನವರಿ ಇಪ್ಪತ್ತೇಳಕ್ಕೆ ಪಂಢರಿ ಬಂದ. ಕೂಲಿ ಗುತ್ತಿಗೆಯ ಮುಕಾದಮನ ಕೈಕಾಲು ಹಿಡಿದು ಎರಡು ದಿನ ಬಿಡುವು ತೆಗೆದುಕೊಂಡು ಸಾಂಗ್ಲಿಯಿಂದ ಬಂದಿದ್ದ. ವಿಹಾರದ ಅಂಗಳದಲ್ಲಿ ಊರಿನವರು ನೋಡುತ್ತಿದ್ದ ಹಾಗೇ ಹುಡುಗನೊಬ್ಬನ ಫೋನಿನಲ್ಲಿ ಆ ಪುಟ ತೆಗೆಸಿ ನನ್ನ ಮುಖಕ್ಕೆ ಹಿಡಿದ. ಏಳು ಲಕ್ಷ ಬಂದಿದೆ ಎಂದು ಅದರಲ್ಲಿ ಬರೆದಿದೆ. ಏಳು ಲಕ್ಷ ಎಂದರೆ ಅವನಿಗೆ ಎಷ್ಟು ವರ್ಷದ ಕಬ್ಬು, ಅವನೇ ಲೆಕ್ಕ ಹಾಕಿಕೊಂಡಿರಬೇಕು. ನಾನು ಏನು ಹೇಳಿದರೂ ಒಂದೇ ಮಾತು, ರೊಕ್ಕ ನಿಮ್ಮ ಮಕ್ಕಳ ಹೆಸರಿನಲ್ಲಿ ಬಂದದ್ದು, ನಿಮಗೆ ಗೊತ್ತಿಲ್ಲದೆ ಹೇಗೆ ಬಂತು?

ಕೊನೆಗೆ, "ಸತ್ತವರ ಮಗಳು ಅಂತ ನೀವು ಮಾರೋದಕಿಂತ, ಬದುಕಿದ್ದವರ ಹಂತೇಕ ಇರ್ಲಿ ಬಿಡ್ರಿ," ಅಂದ. ಸವಿತಾಳ ಚೀಲ ತಾನೇ ಹೊತ್ತು ಕರೆದುಕೊಂಡು ಹೋದ. ಮಾರ್ಚ್ ಇಪ್ಪತ್ತೈದಕ್ಕೆ ಅವಳ ಬೋರ್ಡ್ ಪರೀಕ್ಷೆ. ಈಗ ಫಡದಲ್ಲಿ ಕಬ್ಬಿನ ಹೊರೆ ಕಟ್ಟುತ್ತಿದ್ದಾಳೆ. ಅವಳ ಅಜ್ಜಿ ಸುಭದ್ರಾಬಾಯಿ ನನ್ನನ್ನು ಬಾವಿಯ ಹತ್ತಿರ ನೋಡಿದರೆ ಕೊಡ ತುಂಬದೆಯೇ ಹೋಗುತ್ತಾಳೆ. ಉಳಿದ ಹತ್ತು ಮಕ್ಕಳ ಅಪ್ಪ ಅವ್ವಂದಿರೂ ದಿನಾ ಫೋನ್ ಮಾಡಿ ಮಕ್ಕಳ ಜೊತೆ ಮಾತಾಡುತ್ತಾರೆ, ನನ್ನ ಜೊತೆ ಮಾತಾಡುವುದಿಲ್ಲ.

ಫೋಟೋ ಹೇಗೆ ತೆಗೆದ ಎಂಬುದು ಈಗ ದೊಡ್ಡ ಮಾತಲ್ಲ. ದೊಡ್ಡ ಮಾತು ಬೇರೆ ಇದೆ. ಏಳೂವರೆ ವರ್ಷದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನು ಇವತ್ತು ಬರೆದುಬಿಡುತ್ತೇನೆ.

2016ರ ಬರದಲ್ಲಿ ನಿಮ್ಮ ಹಿಡಿಜೋಳ ನಾಲ್ಕು ಚೀಲ ನಮ್ಮ ಊರಿಗೆ ಬಂತು. ಹಂಚಿದವಳು ನಾನು. ಯಾರನ್ನೂ ಏನೂ ಕೇಳಬಾರದು ಎಂಬ ಪದ್ಧತಿ ನಿಮ್ಮದು. ನನಗೆ ಮಾತ್ರ ಪತ್ರ ಬರೆದಿರಿ, ಯಾರ್ಯಾರಿಗೆ ಎಷ್ಟೆಷ್ಟು ಕೊಟ್ಟೆ, ಹೆಬ್ಬೆಟ್ಟು ಒತ್ತಿಸಿ ಕಳಿಸು ಎಂದು. ಒತ್ತಿಸಿದೆ. ನಲವತ್ತಾರು ಮಂದಿಯ ಮನೆಗೆ ಇಂಕಿನ ಡಬ್ಬಿ ಹಿಡಿದು ಹೋದೆ. ಮುದುಕಿಯರು, "ಯಾಕವ್ವಾ, ನಿನ್ನ ಗೆಳತಿಗೆ ನಿನ್ನ ಮ್ಯಾಲೆ ಭರೋಸಾ ಇಲ್ಲೇನು?" ಎಂದು ಕೇಳಿದರು. ಪಟ್ಟಿ ಕಳಿಸಿದೆ, ಆಮೇಲೆ ನಿಮಗೆ ಬರೆಯಲಿಲ್ಲ.

ಎರಡು ವರ್ಷ ಒಂದೇ ಹಾಸಿಗೆಯ ಮೇಲೆ ಮಲಗಿದ ನನ್ನ ಹತ್ತಿರ ಹೆಬ್ಬೆಟ್ಟು ಕೇಳಿದಿರಿ. ಮುಖ ನೋಡದ ಆ ಮನುಷ್ಯನ ಹತ್ತಿರ ಒಂದು ರಸೀದಿ ಕೇಳಲು ನಿಮಗೆ ಏನಾಗಿತ್ತು?

ನನಗೆ ದುಡ್ಡು ಬೇಡ. ಸಂತಪುರಕ್ಕೆ ಬಂದು ವಿಹಾರದಲ್ಲಿ ನಿಂತು ನಡೆದದ್ದನ್ನು ನಿಮ್ಮ ಬಾಯಿಂದ ಹೇಳಿ. ಸುಳ್ಳು ಹೇಳಿದ ದನಿಯೇ ಖರೇ ಹೇಳಿದರೆ ಪಂಢರಿ ಹುಡುಗಿಯನ್ನು ಪರೀಕ್ಷೆಗೆ ಕಳಿಸಿಯಾನು. ನನ್ನ ದನಿಯನ್ನು ಅವನು ನಂಬುವುದಿಲ್ಲ.

ಕೌಸಲ್ಯಾಬಾಯಿ

*

ಭಾಲ್ಕಿ
15 ಫೆಬ್ರವರಿ 2024

ಕೌಸಲ್ಯಾ,

ನಿನ್ನ ಕಾಗದ ಬಂದ ಮರುದಿನ ಬೀದರಿಗೆ ಹೋದೆ. ಸೈಬರ್ ಪೊಲೀಸರ ಕಚೇರಿಯಲ್ಲಿ ಒಬ್ಬ ಹುಡುಗಿ ಕೂತಿದ್ದಳು, ನನ್ನ ವಿದ್ಯಾರ್ಥಿನಿಯರ ವಯಸ್ಸಿನವಳು. ನನ್ನ ಫೋನ್ ಇಸಿದುಕೊಂಡು ಒಂದೊಂದೇ ಕೇಳುತ್ತ ಹೋದಳು. ಪಾಠ ಒಪ್ಪಿಸಲು ಬಾರದ ಮಗುವಿನ ಹಾಗೆ ಕೂತಿದ್ದೆ.

ದುಡ್ಡು ಕಳಿಸುವಾಗ ಪರದೆಯ ಮೇಲೆ ಯಾರ ಹೆಸರು ಬಂತು ಎಂದಳು. ಟ್ರಸ್ಟಿನ ಹೆಸರಲ್ಲ, ಯಾರೋ ಒಬ್ಬ ವ್ಯಕ್ತಿಯ ಹೆಸರು. ನೋಡಿದ್ದೆ, ಖಜಾಂಚಿಯ ಹೆಸರಿರಬೇಕು ಎಂದುಕೊಂಡಿದ್ದೆ. ಟ್ರಸ್ಟಿನ ನೋಂದಣಿ ಸಂಖ್ಯೆ? ಕೇಳಲಿಲ್ಲ. ರಸೀದಿ? ಆಮೇಲೆ ಕಳಿಸುತ್ತೇನೆ ಎಂದಿದ್ದ. ಪುಟ ಯಾವಾಗ ಶುರುವಾದದ್ದು ಎಂದು ಅವಳೇ ತೆಗೆದು ತೋರಿಸಿದಳು, ಅವನು ನನಗೆ ಫೋನ್ ಮಾಡಿದ್ದಕ್ಕೆ ನಾಲ್ಕು ದಿನ ಮುಂಚೆ. ಬಂದಿದೆ ಎಂದು ಬರೆದ ಏಳು ಲಕ್ಷವೂ, ಕೊಟ್ಟವರ ಹೆಸರುಗಳೂ ಬಹುಪಾಲು ಅವನೇ ಬರೆದುಕೊಂಡದ್ದಂತೆ. ಬೇರೆಯವರು ಕೊಟ್ಟಿದ್ದಾರೆ ಎಂದರೆ ನಾವೂ ಕೊಡುತ್ತೇವೆ ಎಂದು ಇಂಥವರಿಗೆ ಗೊತ್ತು. ಗಡಿಬಿಡಿ ಮಾಡಿದನೇ ಎಂದಳು. ಮಾಡಿದ್ದ. ಇವತ್ತು ಸಂಜೆಯೊಳಗೆ ಕಳಿಸಿದರೆ ಮುಂಬಯಿಯ ದಾನಿಯೊಬ್ಬರು ಅಷ್ಟೇ ಸೇರಿಸುತ್ತಾರೆ ಎಂದಿದ್ದ. ನಮ್ಮ ಮನೆಯವರು, ಭಾಲಚಂದ್ರ, ಅಲ್ಲೇ ಕೂತು ಪೇಪರ್ ಓದುತ್ತಿದ್ದರು, ಒಮ್ಮೆ ಹೋಗಿ ನೋಡಿ ಬಾರೆ ಎಂದರು. ಅದನ್ನೇ ಅವನಿಗೆ ಹೇಳಿದೆ. ನಂಬಿಕೆ ಇಲ್ಲದಿದ್ದರೆ ಬಿಟ್ಟುಬಿಡ್ರಿ ಎಂದು ಮುನಿಸಿಕೊಂಡ. ಮುನಿಸಿಕೊಂಡವನನ್ನು ನಾನೇ ರಮಿಸಿದೆ.

ಅದೇ ಫೋಟೋ ಹುಡುಕಿ ಇನ್ನೆರಡು ಪುಟ ತೋರಿಸಿದಳು. ಒಂದರಲ್ಲಿ ನಿನ್ನ ಮಕ್ಕಳು ಬೇರೆ ಜಿಲ್ಲೆಯ ನೆರೆ ಸಂತ್ರಸ್ತರು, ಇನ್ನೊಂದರಲ್ಲಿ ಸವಿತಾಳಿಗೆ ಹೃದಯದ ಕಾಯಿಲೆ. ದುಡ್ಡು ಹೋದ ದಿನವೇ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದರೆ ತಡೆಯಬಹುದಿತ್ತು, ಈಗ ಕಷ್ಟ ಎಂದಳು. ದೂರು ಬರೆದುಕೊಂಡಳು. ಕೊನೆಗೆ ಕೇಳಿದಳು, "ಮೇಡಂ, ಆ ಊರಾಗ ನಿಮ್ಮ ಪರಿಚಯದವರು ಯಾರೂ ಇರಲಿಲ್ಲೇನ್ರಿ? ಒಂದು ಫೋನ್ ಮಾಡಿದ್ರ ಸಾಕಿತ್ತು."

ಅವಳಿಗೆ ಹೇಳಲಿಲ್ಲ. ನಿನಗೆ ಹೇಳುತ್ತೇನೆ. ಹೋದ ಕಾಗದದಲ್ಲಿ ಇದನ್ನು ಮುಚ್ಚಿಟ್ಟಿದ್ದೆ.

ಅವನು ಮೊದಲ ಮಾತಿಗೇ, ನನ್ನನ್ನು ಸಂತಪುರದ ಕೌಸಲ್ಯಾಬಾಯಿಯವರು ಕಳಿಸಿದ್ದಾರೆ ಎಂದ. ಅಷ್ಟೇ. ಉಳಿದದ್ದನ್ನೆಲ್ಲ ನಾನೇ ತುಂಬಿಕೊಂಡೆ. ಕೌಸಲ್ಯಾಳಿಗೆ ಸಿಟ್ಟು ಇಳಿದಿದೆ, ತಾನೇ ಮಾತಾಡಲು ಅಭಿಮಾನ ಬಿಡದೆ ನಡುವೆ ಒಬ್ಬನನ್ನು ಕಳಿಸಿದ್ದಾಳೆ ಎಂದುಕೊಂಡೆ. ಎಷ್ಟು ಖುಷಿಯಾಯಿತೆಂದರೆ, ಆ ಖುಷಿಗೆ ಏನೂ ಕೇಳಲಿಲ್ಲ. ಒಮ್ಮೆ ನಿನ್ನನ್ನು ಕೇಳಿ ಕಳೆದುಕೊಂಡಿದ್ದೆ. ಈ ಸಲವೂ ಕೇಳಿದರೆ ಮತ್ತೆ ಹೋಗುತ್ತೀ ಎಂದು ಹೆದರಿದೆ.

2016ರಲ್ಲಿ ಹೆಬ್ಬೆಟ್ಟು ಕೇಳಬೇಕೆಂಬುದು ನನ್ನ ಮನಸ್ಸಿನಲ್ಲಿ ಹುಟ್ಟಿದ ಮಾತಲ್ಲ. ಮಂಡಳಿಯಲ್ಲಿ ಒಬ್ಬರು, ಅವರ ಮಂದಿಯ ಕೈಗೆ ಕೊಟ್ಟರೆ ಅವರ ಮನೆಯಲ್ಲೇ ಉಳಿಯುತ್ತದೆ ಎಂದರು. ಎಲ್ಲರೂ ನನ್ನ ಮುಖ ನೋಡಿದರು. ಕೌಸಲ್ಯಾ ಹಾಗಲ್ಲ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಪತ್ರ ಬರೆದೆ. ಮಾತಾಡಿದವರ ತಪ್ಪು ಸಣ್ಣದು, ಬರೆದ ನನ್ನದು ದೊಡ್ಡದು.

ಫೆಬ್ರವರಿ ಇಪ್ಪತ್ತೈದು, ಭಾನುವಾರ ಬರುತ್ತೇನೆ. ಎಲ್ಲರಿಗೂ ಹೇಳಿಟ್ಟಿರು.

ನಲಿನಿ

*

ಸಂತಪುರ
1 ಮಾರ್ಚ್ 2024

ನಲಿನಿಬಾಯಿಯವರಿಗೆ,

ಭಾನುವಾರ ವಿಹಾರದಲ್ಲಿ ಚಾಪೆ ಹಾಸಿದ್ದೆ. ಮೂವತ್ತು ಮಂದಿ ಬಂದಿದ್ದರು. ಹಿರಿಯರಾದ ಗೋರಖನಾಥರು ಕೋಲು ಊರಿಕೊಂಡು ಬಂದು ಮುಂದೆಯೇ ಕೂತರು. ಸುಭದ್ರಾಬಾಯಿಯೂ ಬಾಗಿಲ ಹೊರಗೆ ನಿಂತಿದ್ದಳು. ಹತ್ತರ ಬಸ್ಸು ಹೋಯಿತು, ಹನ್ನೆರಡರದು ಹೋಯಿತು, ಎರಡರದೂ ಹೋಯಿತು. ಬರುತ್ತಾಳೆ, ಬರುತ್ತಾಳೆ ಎಂದು ನಾನೇ ಹೇಳುತ್ತಿದ್ದೆ. ಕಡೆಗೆ ಗೋರಖನಾಥರು ಎದ್ದು, "ಹೋಗ್ಲಿ ಬಿಡವ್ವ, ಊಟ ಮಾಡು," ಅಂದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ಈಗ ಊರಿನವರು ಇನ್ನೊಂದು ಮಾತು ಹೇಳುತ್ತಿದ್ದಾರೆ. ಭಾಲ್ಕಿಯ ಬಾಯಿಯೂ ನಾನೂ ಕೂಡಿ ತಿಂದಿದ್ದೇವೆ, ಅದಕ್ಕೇ ಆಕೆ ಮುಖ ತೋರಿಸಲಿಲ್ಲ ಎಂದು.

ಪರೀಕ್ಷೆಗೆ ಇಪ್ಪತ್ನಾಲ್ಕು ದಿನ ಉಳಿದಿದೆ.

ಕೌಸಲ್ಯಾಬಾಯಿ

*

ಭಾಲ್ಕಿ
10 ಮಾರ್ಚ್ 2024

ಕೌಸಲ್ಯಾ,

ಬಂದಿದ್ದೆ. ಜ್ವರ ಬಂತು, ಬಸ್ಸು ಸಿಗಲಿಲ್ಲ ಎಂದು ಮೂರು ಸಲ ಬರೆದು ಮೂರು ಸಲವೂ ಹರಿದೆ. ನಾನು ಬಂದಿದ್ದೆ.

ಬೀದರಿನಿಂದ ಔರಾದ ಬಸ್ಸು ಹತ್ತಿದೆ. ಕಂಡಕ್ಟರ್ ಸಂತಪುರ, ಸಂತಪುರ ಎಂದು ಕೂಗಿದ. ಕಿಟಕಿಯಿಂದ ನೋಡಿದರೆ ಒಬ್ಬಳು ಮುದುಕಿ ಮೊಮ್ಮಗನ ಕೈ ಹಿಡಿದು ವಿಹಾರದ ಕಡೆಯೇ ಹೋಗುತ್ತಿದ್ದಳು. ನನ್ನ ಮಾತು ಕೇಳಲು ಹೊರಟವಳು ಎಂದು ಗೊತ್ತಾಯಿತು. ಸೀಟಿನಿಂದ ಏಳಲಿಲ್ಲ. ಟಿಕೆಟ್ ಇಲ್ಲೀತನಕ ಅದ, ಇಳೀರಿ ಎಂದ ಕಂಡಕ್ಟರನಿಗೆ ಇನ್ನಷ್ಟು ದುಡ್ಡು ಕೊಟ್ಟು ಔರಾದಿನ ತನಕ ಹೋದೆ. ಅಲ್ಲಿಯ ಬಸ್ ಸ್ಟ್ಯಾಂಡಿನಲ್ಲಿ ಮೂರು ತಾಸು ಕೂತೆ. ತಿರುಗಿ ಬರುವಾಗ ಅದೇ ದಾರಿ, ಮತ್ತೆ ಸಂತಪುರ. ಆಗಲೂ ಇಳಿಯಲಿಲ್ಲ. ಮೂವತ್ತೆಂಟು ವರ್ಷ ಮಕ್ಕಳನ್ನು ನಿಲ್ಲಿಸಿ ತಪ್ಪು ಒಪ್ಪಿಕೋ ಎಂದವಳು ನಾನು.

ನಿನ್ನ ಕಾಗದ ಓದಿದೆ. ಸಂತಪುರ ದೂರ, ನಮ್ಮ ಓಣಿಯಾದರೂ ಹತ್ತಿರವಿದೆಯಲ್ಲ ಎಂದು ನಿನ್ನೆ ಮಂಡಳಿಯವರನ್ನು ಮನೆಗೆ ಕರೆದೆ. ಎಲ್ಲ ಹೇಳಿದೆ. ಹೆಬ್ಬೆಟ್ಟಿನ ವಿಷಯವನ್ನೂ ಹೇಳಿದೆ. ಆವತ್ತು ಆ ಮಾತಾಡಿದವರು ಅಲ್ಲೇ ಕೂತಿದ್ದರು, ಸೆರಗಿನ ಅಂಚು ನೋಡುತ್ತ ಕೂತರು. ಕಾವೇರಿಬಾಯಿಗೆ ಮಾತ್ರ ಸಿಟ್ಟು ಬಂತು, ಇನ್ನು ಯಾರಿಗೂ ಏನೂ ಕೊಡುವುದಿಲ್ಲ, ಗಡಿಗೆಯನ್ನೇ ಒಡೆದುಬಿಡಿ ಎಂದಳು.

ನಮ್ಮ ಓಣಿಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡಿರುವ ಅನ್ವರಿ ಬೇಗಂ ಮಂಡಳಿಯವಳಲ್ಲ, ಆದರೆ ನನ್ನ ದನಿ ಕೇಳಿ ರಂಜಾನಿನ ಜಕಾತ್ ದಾನಕ್ಕೆ ಎತ್ತಿಟ್ಟದ್ದನ್ನು ಕಳಿಸಿದ್ದಳು. ಅವಳ ಮನೆಗೆ ನಾನೇ ಹೋದೆ. ಆ ದುಡ್ಡನ್ನು ನಾನು ತುಂಬಿಕೊಡುತ್ತೇನೆ ಎಂದೆ. ಬೇಡ ಎಂದಳು. "ನನ್ನ ನಿಯತ್ತೇನಂತ ಮ್ಯಾಲೆ ಇರಾಂವಗ ಗೊತ್ತದ್ರಿ ಬಾಯಿ. ಆದ್ರ ನಾವು ಜಕಾತ್ ಕೊಡೋ ಮುಂದ ಯಾರಿಗೆ, ಏನು ಅಂತ ನಾಲ್ಕು ಮಂದೀನ ಕೇಳ್ತೇವಿ. ಕೇಳಿದ್ರ ತಗೊಳ್ಳೋರಿಗೆ ಅವಮಾನ ಆಗಂಗಿಲ್ಲ. ನಿಮ್ಮ ಹೆಸರು ಇತ್ತಲ್ಲಾ, ಅದಕ್ಕ ಈ ಸಲ ಕೇಳಲಿಲ್ಲ," ಎಂದಳು. ಇಷ್ಟು ಹೇಳಿ ಮಷೀನು ತುಳಿಯತೊಡಗಿದಳು. ಅಲ್ಲಿಂದ ಎದ್ದು ಬರುವುದು ನನಗೆ ಬಹಳ ಕಷ್ಟವಾಯಿತು.

ಮಾರ್ಚ್ ಹದಿನೇಳು ಭಾನುವಾರ. ಈ ಸಲ ನಮ್ಮ ಮನೆಯವರನ್ನೂ ಕರೆದುಕೊಂಡು ಬರುತ್ತೇನೆ. ನಾನು ಇಳಿಯದಿದ್ದರೆ ಕೈ ಹಿಡಿದು ಇಳಿಸಿ ಎಂದು ಹೇಳಿದ್ದೇನೆ. ಚಾಪೆ ಹಾಸಬೇಡ. ಯಾರಿಗೂ ಹೇಳಬೇಡ. ಬಂದ ಮೇಲೆ ನಾನೇ ಮನೆಮನೆಗೆ ಹೋಗಿ ಕರೆಯುತ್ತೇನೆ.

ನಲಿನಿ

*

ಸಂತಪುರ
7 ಏಪ್ರಿಲ್ 2024

ನಲೂ,

ಮೂರು ವಾರದಿಂದ ಬರೆಯಬೇಕೆಂದು ಕೂತು, ಬರೆಯದೆ ಎದ್ದಿದ್ದೇನೆ. ನೀನು ಕಾದು ಕಾದು ನನ್ನನ್ನು ಬೈದುಕೊಂಡಿರುತ್ತೀ. ಬೈದುಕೋ.

ಮೊದಲು ಸವಿತಾಳ ಸುದ್ದಿ. ನೀನು ಹೇಳಿದ್ದು ಪಂಢರಿಗೆ ಮುಟ್ಟಿತು. ವಿಹಾರದಲ್ಲಿ ಅಷ್ಟು ಮಂದಿಯ ಮುಂದೆ ನಿಂತು ಫೋನಿನಲ್ಲಿ ರೆಕಾರ್ಡ್ ಆಗುವಂತೆ ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ ಹೇಳಿದೆಯಲ್ಲ, ಅದು ಮೊದಲಿನದಕ್ಕಿಂತ ಜೋರಾಗಿ ಓಡಿತು. ಸವಿತಾಳ ಅಪ್ಪ ಅವ್ವ ಬದುಕಿದ್ದಾರೆ, ನಾನು ಓದಿದ್ದು ಸುಳ್ಳು, ಕೌಸಲ್ಯಾಬಾಯಿಗೆ ಒಂದು ಪೈಸೆ ಬಂದಿಲ್ಲ, ಕೊಡುವ ಮುಂಚೆ ಆ ಊರಿನವರನ್ನು ಒಬ್ಬರನ್ನಾದರೂ ಕೇಳಿ, ನಾನು ಕೇಳಲಿಲ್ಲ ಎಂದೆ. ಈ ಸಲ ನೀನು ಅಳಲಿಲ್ಲ. ಅದೇ ಲಾರಿ ಡ್ರೈವರ್ ಪಂಢರಿಗೆ ಕೇಳಿಸಿದನಂತೆ.

ಇಪ್ಪತ್ತೊಂದಕ್ಕೆ ಹುಡುಗಿಯನ್ನು ಕರೆದುಕೊಂಡು ಬಂದ. ಹಾಜರಿ ಕಡಿಮೆ ಎಂದು ಹೆಡ್ ಮಾಸ್ತರರು ತಕರಾರು ತೆಗೆದರು. ನಾನು ಅವರ ಕೋಣೆಯಲ್ಲಿ ಹೋಗಿ ಕೂತೆ, ಸಹಿ ಮಾಡುವ ತನಕ ಏಳಲಿಲ್ಲ. ನಿನ್ನೆ ಪರೀಕ್ಷೆ ಮುಗಿಯಿತು. ಗಣಿತದಲ್ಲಿ ನಾಲ್ಕು ಪುಟ ಖಾಲಿ ಬಿಟ್ಟು ಬಂದಿದ್ದಾಳೆ. ಆ ಪಾಠಗಳು ನಡೆದಾಗ ಅವಳು ಫಡದಲ್ಲಿದ್ದಳು. ಅಂಗೈ ತುಂಬ ಕಬ್ಬಿನ ಎಲೆ ಕೊಯ್ದ ಗೀರುಗಳು.

ಇನ್ನು, ನಾನು ಬರೆಯದೆ ಏಳುತ್ತಿದ್ದುದು.

ಮೂರು ಕಾಗದದಲ್ಲಿ ನಿನ್ನನ್ನು ಹಿಡಿದು ಕೇಳಿದ್ದೇನೆ, ಯಾಕೆ ಕೇಳಲಿಲ್ಲ, ಯಾಕೆ ನೋಡಲಿಲ್ಲ ಎಂದು. ಫೋಟೋ ಹೇಗೆ ಸಿಕ್ಕಿತು ಎಂದು ನೀನು ಕೇಳಿದೆ. ದೊಡ್ಡ ಮಾತಲ್ಲ ಎಂದು ತಳ್ಳಿದೆ. ಅದೇ ದೊಡ್ಡ ಮಾತಾಗಿತ್ತು.

ಡಿಸೆಂಬರಿನಲ್ಲಿ ಅವನು ಇಲ್ಲಿಗೆ ಬಂದಿದ್ದ. ಬಿಳಿ ಅಂಗಿ, ಕೊರಳಲ್ಲಿ ಒಂದು ಗುರುತಿನ ಚೀಟಿ. ಮೊದಲು ಬರೀ ಟ್ರಸ್ಟು ಎಂದ. ನಮಗೇನೂ ಬೇಡಪ್ಪ, ಹೋಗು ಎಂದೆ. ಅವನು ಹೋಗಲಿಲ್ಲ, ವಿಹಾರದ ಗೋಡೆ ನೋಡುತ್ತ ನಿಂತ. ಆ ಗೋಡೆಯ ಮೇಲೆ 2016ರ ಪೇಪರಿನ ತುಂಡು ಕಟ್ಟು ಹಾಕಿಸಿ ತೂಗುಹಾಕಿದ್ದೇನೆ. ಭಾಲ್ಕಿಯ ಮಹಿಳೆಯರಿಂದ ಸಂತಪುರಕ್ಕೆ ಜೋಳ ಎಂದು ತಲೆಬರಹ, ಕೆಳಗೆ ನಿನ್ನ ಹೆಸರು, ನನ್ನ ಹೆಸರು. ನಿನ್ನ ಮೇಲೆ ಅಷ್ಟು ಸಿಟ್ಟಿದ್ದರೂ ಅದನ್ನು ತೆಗೆದಿರಲಿಲ್ಲ. ಅವನು ಓದಿ ಮುಗಿಸಿ ನನ್ನ ಕಡೆ ತಿರುಗಿ, "ನಿಮಗ ಹೇಳಬ್ಯಾಡ ಅಂದಿದ್ರು, ಆದ್ರ ಹೇಳ್ತೇನಿ. ನನ್ನ ಕಳಿಸಿದವರು ಭಾಲ್ಕಿ ನಲಿನಿ ಟೀಚರ್‌ರೀ," ಎಂದ.

ನಿನಗೆ ಏನಾಯಿತೋ ನನಗೂ ಅದೇ ಆಯಿತು. ನಲೂಗೆ ಕಡೆಗೂ ನನ್ನ ನೆನಪಾಯಿತು, ತಪ್ಪು ಅರಿವಾಯಿತು, ಬಾಯಿ ಬಿಟ್ಟು ಹೇಳಲು ನಾಚಿಕೆಪಟ್ಟು ಇವನನ್ನು ಕಳಿಸಿದ್ದಾಳೆ ಎಂದುಕೊಂಡೆ. ಚಹಾ ಮಾಡಿ ಕೊಟ್ಟೆ. ಮಕ್ಕಳಿಗೆ ಮುಖ ತೊಳೆಸಿ, ತಲೆ ಬಾಚಿಸಿ, ಸಾಲಾಗಿ ಕೂರಿಸಿದೆ. ಸವಿತಾಳನ್ನು ಮುಂದೆ ಕೂಡಿಸಿದವಳೂ ನಾನೇ. ಹೆಸರು, ಇಯತ್ತೆ ಎಲ್ಲ ಬರೆದುಕೊಟ್ಟೆ. ಅವನು ಇಲ್ಲಿಂದ ನನ್ನ ಹೆಸರು ಹೊತ್ತುಕೊಂಡು ನಿನ್ನ ಹತ್ತಿರ ಬಂದ. ನಾವಿಬ್ಬರೂ ಮಾತಾಡುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತೋ ಇಲ್ಲವೋ. ಅವನ ನಸೀಬು ಚೆನ್ನಾಗಿತ್ತು.

ಇಷ್ಟೇ ಆಗಿದ್ದರೆ ನಿನ್ನ ತಪ್ಪೂ ನನ್ನ ತಪ್ಪೂ ಸರಿಸಮ ಎಂದು ಬರೆದು ಸುಮ್ಮನಾಗುತ್ತಿದ್ದೆ. ಸರಿಸಮ ಅಲ್ಲ. ಅವನು ಫೋಟೋ ತೆಗೆಯುವ ಮುಂಚೆ ಸವಿತಾ ನನ್ನನ್ನು ಒಲೆಯ ಹತ್ತಿರ ಕರೆದಳು. "ಟೀಚರ್, ಅವ ಗ್ವಾಡಿ ಮ್ಯಾಲಿಂದು ಓದಿ ಆ ಹೆಸರು ಹೇಳ್ಯಾನ್ರಿ. ನಾ ನೋಡೀನಿ. ಆ ಬಾಯಿಗೆ ಒಂದು ಫೋನ್ ಮಾಡಿ ಕೇಳ್ರಿ," ಅಂದಳು. ದೊಡ್ಡವರ ಮಾತಿನಲ್ಲಿ ಬರಬೇಡ, ಹೋಗಿ ಕೂಡು ಎಂದು ಗದರಿಸಿದೆ. ಹೋಗಿ ಕೂತಳು. ಆ ಫೋಟೋದಲ್ಲಿ ಅವಳ ಮುಖ ಸಪ್ಪಗಿರುವುದನ್ನು ನೋಡಿ ಜನ ಅನಾಥ ಹುಡುಗಿ ಎಂದು ನಂಬಿದರು. ಅದು ನಾನು ಬೈದದ್ದಕ್ಕೆ.

ಜನವರಿಯಲ್ಲಿ ಅವಳ ಅಪ್ಪ ಅಂಗಳದಲ್ಲಿ ನನ್ನನ್ನು ಕಳ್ಳಿ ಎಂದಾಗ ಅವಳು ಅಲ್ಲೇ ಇದ್ದಳು. ಒಂದು ಮಾತು ಹೇಳಿದ್ದರೆ ನನ್ನ ಮರ್ಯಾದೆ ಊರಿನ ಮುಂದೆ ಅಲ್ಲೇ ಮುಗಿಯುತ್ತಿತ್ತು. ಹೇಳಲಿಲ್ಲ. ಚೀಲ ಎತ್ತಿದ ಅಪ್ಪನ ಹಿಂದೆ ಹೊರಟುಹೋದಳು.

ಮಾರ್ಚ್ ಹದಿನೇಳರಂದು ನೀನು, ಎಲ್ಲ ನನ್ನ ತಪ್ಪು, ಈಕೆಯದು ಏನೂ ಇಲ್ಲ ಎಂದು ಎರಡು ಭಾಷೆಯಲ್ಲಿ ಹೇಳುವಾಗ ನಾನು ನಿನ್ನ ಪಕ್ಕದಲ್ಲೇ ಇದ್ದೆ. ಆಗ ಬಾಯಿ ಬಿಡಬೇಕಿತ್ತು. ಗೋರಖನಾಥರು ನನ್ನ ತಲೆಯ ಮೇಲೆ ಕೈ ಇಟ್ಟರು, ಸುಭದ್ರಾಬಾಯಿ ಒಳಗೆ ಬಂದು ಕೂತಳು. ಎರಡು ತಿಂಗಳಾಗಿತ್ತು ನಲೂ, ಯಾರಾದರೂ ನನ್ನ ಹತ್ತಿರ ಕೂತು. ಸುಮ್ಮನಿದ್ದುಬಿಟ್ಟೆ. ಮರುದಿನ ಪೇಪರಿನ ತುಂಡನ್ನು ಗೋಡೆಯಿಂದ ತೆಗೆದು ಸಂದೂಕಿನ ಅಡಿಗೆ ಹಾಕಿದೆ.

ಇಪ್ಪತ್ತೊಂದಕ್ಕೆ ಪಂಢರಿ ಬಂದು ನನ್ನ ಕಾಲಿಗೆ ಬಿದ್ದ. "ತಪ್ಪಾಯ್ತ್ರಿ ಟೀಚರ್, ನಿಮ್ಮಂಥವರ ಮ್ಯಾಲೆ ಸಂಶೇ ಪಟ್ಟೆ," ಎಂದು ಅತ್ತ. ಇರಲಿ ಏಳಪ್ಪ, ಆಗುತ್ತದೆ ಎಂದೆ. ತಪ್ಪು ಮಾಡದವನ ತಪ್ಪನ್ನು ನಾನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ. ಸವಿತಾ ಅವನ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ಸಿಟ್ಟು ಕೂಡ ಇರಲಿಲ್ಲ. ಅಪ್ಪ ಬಸ್ಸು ಹತ್ತಿದ ಮೇಲೆ, ನೀರು ತರಲೇನ್ರಿ ಎಂದು ಕೊಡ ತೆಗೆದುಕೊಂಡು ಹೋದಳು.

ಹೋದ ಹದಿನೇಳು ದಿನ ನಾವಿಬ್ಬರೂ ಒಂದೇ ಕೋಣೆಯಲ್ಲಿ ಊಟ ಮಾಡಿದ್ದೇವೆ. ಆ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಪರೀಕ್ಷೆ ಮುಗಿಯಲಿ ಎಂದು ನನಗೆ ನಾನೇ ನೆವ ಹೇಳಿಕೊಂಡೆ. ಪರೀಕ್ಷೆ ಮುಗಿಯಿತು.

ಇವತ್ತು ಬೆಳಿಗ್ಗೆ ಇಷ್ಟನ್ನು ಬರೆದು, ಲಕೋಟೆಗೆ ಹಾಕುವ ಮುಂಚೆ ಅವಳ ಕೈಗೆ ಕೊಟ್ಟೆ. ಹೊಸ್ತಿಲ ಮೇಲೆ ಕೂತು ಮೊದಲಿನಿಂದ ಕೊನೆಯ ತನಕ ಓದಿದಳು. ಎರಡು ಕಡೆ ನಿಲ್ಲಿಸಿ ಹಿಂದಕ್ಕೆ ಹೋಗಿ ಮತ್ತೆ ಓದಿದಳು. ಮಡಿಸಿ ನನಗೆ ತಿರುಗಿ ಕೊಟ್ಟಳು.

"ಅಪ್ಪಗೂ ಒಂದು ಬರೀರಿ ಟೀಚರ್," ಅಂದಳು. "ಅವಗ ಓದಾಕ ಬರಂಗಿಲ್ಲ. ಫೋನಿನ್ಯಾಗ ನಾ ಓದಿ ಹೇಳ್ತೇನಿ."

ಪೆನ್ನು ಇನ್ನೂ ಕೈಯಲ್ಲೇ ಇದೆ. ಅವಳು ಎದುರಿಗೆ ಕೂತಿದ್ದಾಳೆ.

ನಿನ್ನ
ಕೌಸಲ್ಯಾ